ಕೋಟು ಹೇಳಿದ ಸಾಕ್ಷಿ

ಎರಡನೇ ಗುಮಾಸ್ತನ ಕೋಟಿನ ಬಾಲವನ್ನು ಒಲೆಯ ಕಿಡಿ ತಿಂದುಹಾಕಿತ್ತು.

ಕೋಟು ಅವನದು, ಒಲೆಯೂ ಅವನದೇ. ಆದರೆ ಆ ಹೊತ್ತಿನಲ್ಲಿ ಕೋಟಿನೊಳಗಿದ್ದವನು ಅವನ ಹೆಂಡತಿಯ ತಮ್ಮ. ಯಾರನ್ನೋ ನೋಡಿ ಬರಬೇಕೆಂದು ಹಿಂದಿನ ದಿನ ಹೇಳದೆ ಕೇಳದೆ ತೊಟ್ಟುಕೊಂಡು ಹೋಗಿದ್ದ. ವಾಪಸು ಬಂದವನು ಒಲೆಗೆ ಬೆನ್ನು ಕೊಟ್ಟು ನಿಂತು, ಮೈ ಕಾಯಿಸಿಕೊಳ್ಳುತ್ತ ಬಡಾಯಿ ಕೊಚ್ಚಿದ. ಆ ಊರಿನಲ್ಲಿ ಒಲೆ, ಗ್ಯಾಸ್ ದೀಪ, ಉಗಿ ಟ್ರಾಮು ಎಲ್ಲದರೊಳಗೂ ಒಂದೊಂದು ಕಿಡಿ ವಾಸವಾಗಿರುತ್ತದೆ. ಕಿಡಿಯೆಂದರೆ ಬರೀ ಬೆಂಕಿಯಲ್ಲ. ಅದಕ್ಕೊಂದು ಹೆಸರು, ಒಂದು ಹಟ, ಒಂದು ಹೊಟ್ಟೆ. ಕಲ್ಲಿದ್ದಲು ಸಾಲದೆ ಹಸಿದಿದ್ದ ಕಿಡಿ, ಮೂಗಿನೆದುರು ಜೋತಾಡುವ ಉಣ್ಣೆಯ ಬಾಲ ಕಂಡೂ ಸುಮ್ಮನಿರಲು ಅದೇನು ಸನ್ಯಾಸಿಯೇ?

"ಬಾಲ ತಾನೇ ಭಾವ? ಮುಂದುಗಡೆ ಚೆನ್ನಾಗೇ ಇದೆಯಲ್ಲ," ಎಂದ ಭಾವಮೈದುನ.

ಗುಮಾಸ್ತನಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕೆನಿಸಿತು. ಬಾಯಿಂದ ಬಂದದ್ದು ಮಾತ್ರ "ಹೋಗಲಿ ಬಿಡು" ಎಂಬ ಮಾತು. ದೀಪದ ಇಲಾಖೆಯಲ್ಲಿ ಹದಿನೇಳು ವರ್ಷದಿಂದ ಅವನು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ಇದೇ ಸಿಗುತ್ತದೆ. ಬಡವನ ಕೋಪ ದವಡೆಗೆ ಮೂಲ ಎಂದು ಚಿಕ್ಕಂದಿನಲ್ಲಿ ತಾಯಿ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟ ಮಾತನ್ನು ಮೀರುವ ಜಾಯಮಾನ ಅವನದಲ್ಲ.

ಆದರೆ ಇವತ್ತೇ ಹೀಗಾಗಬೇಕೇ? ಇವತ್ತು ಸಂಜೆ ನಾಲ್ಕಕ್ಕೆ ಇಲಾಖೆಯ ದೊಡ್ಡ ಹಜಾರದಲ್ಲಿ ನಗರಾಧ್ಯಕ್ಷೆಯ ಎದುರು ಹೊಸ ಹೆಡ್ ಗುಮಾಸ್ತನಿಗೆ ಅಧಿಕಾರದ ಗುರುತಾದ ಹಿತ್ತಾಳೆಯ ಬೀಗದ ಕೈ ಕೊಡುವ ಸಭೆ. ಬಾಲದ ಕೋಟಿಲ್ಲದವರಿಗೆ ಪ್ರವೇಶವಿಲ್ಲ. ಹಿರಿತನದಲ್ಲಿ ಮುಂದಿದ್ದವನು ಇವನೇ. ಊರಿನ ಮೂರು ಸಾವಿರದ ನಾನ್ನೂರು ಬೀದಿದೀಪಗಳ ಕಿಡಿಗಳ ಹೆಸರು, ಗುಣ, ಯಾವುದನ್ನು ಗದರಿಸಿ ಎಬ್ಬಿಸಬೇಕು, ಯಾವುದನ್ನು ಮುದ್ದು ಮಾಡಬೇಕು, ಯಾವ ಎರಡನ್ನು ಅಕ್ಕಪಕ್ಕದ ಕಂಬಕ್ಕೆ ಹಾಕಬಾರದು, ಇವನ್ನೆಲ್ಲ ಏಳು ವರ್ಷ ಬೀದಿ ಬೀದಿ ಸುತ್ತಿ ಬರೆದು 'ಕಿಡಿಗಳ ಯಾದಿ' ಮಾಡಿದವನೂ ಇವನೇ. ಬೀಗದ ಕೈ ಇನ್ಯಾರಿಗೆ ಬರಬೇಕು, ನೀವೇ ಹೇಳಿ.

ಬೆಳಿಗ್ಗೆ ಎಂಟಕ್ಕೇ ಹಳೆಬಟ್ಟೆ ಅಂಗಡಿಗೆ ಓಡಿದ. ಇದ್ದದ್ದು ಒಂದೇ ಬಾಲದ ಕೋಟು.

"ಯಾರದ್ದಿದು?"

"ಅದೆಲ್ಲ ನೆನಪಿಲ್ಲ ಸ್ವಾಮಿ. ದಿನಾ ದೊಡ್ಡ ದೊಡ್ಡವರ ಮಧ್ಯೆನೇ ಓಡಾಡಿದ ಕೋಟಂತೆ," ಎಂದ ಅಂಗಡಿಯವನು.

ಯಾರದ್ದು ಎಂದು ಕೇಳುವುದಕ್ಕೆ ಕಾರಣವಿತ್ತು. ಆ ಊರಿನಲ್ಲಿ ಬಟ್ಟೆಗೆ ನೆನಪುಂಟು. ಹತ್ತು ವರ್ಷ ಒಬ್ಬರ ಮೈಮೇಲಿದ್ದ ಬಟ್ಟೆ ಅವರ ಬುದ್ಧಿಯನ್ನು ಹೀರಿಕೊಂಡುಬಿಡುತ್ತದೆ. ಆಮೇಲೆ ತೊಟ್ಟವರನ್ನು ತನ್ನಿಷ್ಟದಂತೆ ಆಡಿಸುತ್ತದೆ. ನಾಟಕದವಳ ಶಾಲು ಹೊದ್ದ ಸೂಲಗಿತ್ತಿಯೊಬ್ಬಳು ಹೆರಿಗೆ ಕೋಣೆಯಲ್ಲಿ ಹಾಡಿ ಕುಣಿದದ್ದು ಊರಿಗೆಲ್ಲ ಗೊತ್ತು. ಅದಕ್ಕೇ ಹಳೆಬಟ್ಟೆಯನ್ನು ಇಸ್ತ್ರಿಯವಳ ಆವಿಮನೆಗೆ ಕೊಟ್ಟು ಮೂರು ಸಲ ಆವಿ ಹಿಡಿಸಬೇಕು. ಮೂರನೆಯ ಆವಿಗೆ ನೆನಪೆಲ್ಲ ಹೊಗೆಯಂತೆ ಹಾರಿಹೋಗುತ್ತದೆ. ಇನ್ನೊಂದು ವಿಷಯ: ಬಟ್ಟೆಗೆ ಆಸೆಯಿಲ್ಲ, ಅಳಿಯಂದಿರಿಲ್ಲ, ಲಂಚ ಮುಟ್ಟಲು ಅದಕ್ಕೆ ಸ್ವಂತದ ಕೈಯಿಲ್ಲ. ತೊಟ್ಟವನ ಎದೆಗೇ ಅಂಟಿಕೊಂಡಿರುವುದರಿಂದ ಅದಕ್ಕೆ ತಿಳಿಯದ ಗುಟ್ಟೂ ಇಲ್ಲ. ಆದ್ದರಿಂದ ಬಟ್ಟೆ ಆಡಿಸಿದ ಮಾತನ್ನು ಅಲ್ಲಿಯ ನ್ಯಾಯಾಲಯಗಳು ಸಾಕ್ಷಿಯೆಂದು ಒಪ್ಪುತ್ತವೆ. ಮನುಷ್ಯರ ಮಾತಿಗೆ ಆ ಮರ್ಯಾದೆ ಇಲ್ಲ.

ಆವಿಮನೆಯಲ್ಲಿ ಅವತ್ತು ಕಪ್ಪು ಕೋಟುಗಳ ಜಾತ್ರೆ. ಸಭೆಗೆ ಹೋಗುವವರೆಲ್ಲ ತಂದು ರಾಶಿ ಹಾಕಿದ್ದರು. ಇಸ್ತ್ರಿಯವಳು ಬಾಯ್ಲರಿನ ಕಿಡಿಯನ್ನು "ಏಳೋ ಸೋಮಾರಿ" ಎಂದು ಬೈಯುತ್ತ, ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು.

"ಮೂರು ಆವಿ ಅಂದ್ರೆ, ನಡುನಡುವೆ ಒಣಗಿಸೋದೂ ಸೇರಿ ಮೂರೂವರೆ ಗಂಟೆ ಹಿಡಿಯತ್ತೆ ಅಣ್ಣಾ."

"ಹತ್ತಕ್ಕೆ ಆಫೀಸಿಗೆ ಹೋಗ್ಬೇಕಕ್ಕಾ. ಇರೋದು ಇದೊಂದೇ ಕೋಟು."

"ಹಂಗಾದ್ರೆ ಒಂದು ಆವಿ ಹಿಡಿದು ಕೊಡ್ತೀನಿ. ಹಳೇ ಯಜಮಾನ್ರ ಬುದ್ಧಿ ಇನ್ನೂ ಒಳಗಿರತ್ತೆ, ನೆನಪಿರ್ಲಿ. ಬಾಯಿ ಮುಚ್ಕೊಂಡು, ಕೈ ಕಟ್ಕೊಂಡು ಇರಿ. ಆಮೇಲೆ ನನ್ನನ್ನ ಬೈಯಬೇಡಿ."

ಅರ್ಧ ಗಂಟೆಯ ನಂತರ ಕಾಗದದಲ್ಲಿ ಸುತ್ತಿದ ಗಂಟೊಂದನ್ನು ಅವನ ಕೈಗಿಟ್ಟಳು. ಮನೆಗೆ ಬಂದು ತೊಟ್ಟ. ಒಂದು ಸಲ ತೊಟ್ಟ ಮೇಲೆ ಮತ್ತೆ ನಾಲ್ಕು ಜನರೆದುರು ಬಿಚ್ಚುವ ಹಾಗಿರಲಿಲ್ಲ. ಯಾಕೆಂದರೆ ಅವನ ಅಂಗಿಗೆ ಬೆನ್ನೇ ಇರಲಿಲ್ಲ. ಗಂಜಿ ಹಾಕಿದ ಬಿಳಿ ಎದೆಪಟ್ಟಿ, ಎರಡು ಮುಂಗೈ ಪಟ್ಟಿ, ಹಿಂದೆ ಕಟ್ಟಲು ಎರಡು ಲಾಡಿ, ಇಷ್ಟೇ. ಹದಿನೇಳು ವರ್ಷದ ಎರಡನೇ ಗುಮಾಸ್ತಿಕೆಯಲ್ಲಿ ಮುಂಭಾಗವನ್ನು ಕಾಪಾಡಿಕೊಳ್ಳುವುದೇ ಹೆಚ್ಚು.

ಮೆಟ್ಟಿಲಿಳಿಯುವಾಗ ಕೆಳಮನೆಯ ತಾತ ತಡೆದರು. ನಲವತ್ತು ವರ್ಷ ನ್ಯಾಯಾಲಯದ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗಿದವರು. ನಿವೃತ್ತರಾದ ಮೇಲೆ ಅವರಿಗೆ ತಿಳಿಯದ ವಿಷಯವೇ ಉಳಿದಿರಲಿಲ್ಲ. ಅದಕ್ಕೇ ಕಟ್ಟಡದವರೆಲ್ಲ ಅವರನ್ನು 'ಎಲ್ಲಬಲ್ಲ ತಾತ' ಎನ್ನುತ್ತಿದ್ದರು.

"ನಿಲ್ಲು ನಿಲ್ಲು. ಹಳೇ ಕೋಟಾ? ಎಷ್ಟು ಆವಿ?"

"ಒಂದೇ ತಾತ."

ತಾತ ಕೋಟಿನ ಕಾಲರಿಗೆ ಮೂಗು ಹಚ್ಚಿ ಮೂಸಿದರು. ಹೊಟ್ಟೆಯ ಹತ್ತಿರ ಬಟ್ಟೆ ಸಡಿಲವಾಗಿದ್ದುದನ್ನು ಹಿಡಿದು ಎಳೆದರು. ಹಿಂದೆ ಬಾಲದ ಸೀಳಿಗೆ ಬಿಳಿ ದಾರದಲ್ಲಿ ಅಡ್ಡಡ್ಡ ಹಾಕಿದ್ದ ಹೊಲಿಗೆಯನ್ನು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದುಬಿಟ್ಟರು.

"ಅಯ್ಯಯ್ಯೋ! ಇದು ಸಿಡುಕು ಜಡ್ಜ್ ಸಾಹೇಬರ ಕೋಟು ಕಣಯ್ಯಾ! ಅವರಿಗೂ ಇಷ್ಟೇ ದೊಡ್ಡ ಹೊಟ್ಟೆ ಇತ್ತು. ಈ ಬಿಳಿ ಹೊಲಿಗೆ ಇದೆಯಲ್ಲ, ಇದು ನ್ಯಾಯಾಲಯದ ಮುದ್ರೆ. ಎಷ್ಟು ಸಲ ನೋಡಿದೀನಿ! ಅವರು ಬಾಯಿ ಬಿಟ್ರೆ ಕಿಟಕಿ ಗಾಜು ಅದುರ್ತಿತ್ತು. ಯಾರನ್ನೂ ಬಿಡ್ತಿರ್ಲಿಲ್ಲ. ಹುಷಾರಪ್ಪ, ಇವತ್ತು ನಿನ್ನ ಬಾಯಲ್ಲಿ ಅವರೇ ಕೂತಿರ್ತಾರೆ."

ದೇವರೇ, ನಾಲ್ಕು ಗಂಟೆಯವರೆಗೆ ಬಾಯಿ ಬಿಡದ ಹಾಗೆ ನೋಡಿಕೊಳ್ಳಪ್ಪ ಎಂದು ಬೇಡಿಕೊಂಡು ಗುಮಾಸ್ತ ಬೀದಿಗೆ ಕಾಲಿಟ್ಟ. ತಲೆಯ ಮೇಲೆ ನೀರು ಸುರಿಯಿತು.

ಮಹಡಿ ಮನೆಯಾಕೆ ಹೂಕುಂಡಕ್ಕೆ ನೀರು ಹಾಕುವ ಹೊತ್ತು ಅದು. ಆರು ವರ್ಷದಿಂದ ದಿನವೂ ಆ ನೀರಿನಲ್ಲಿ ಅರ್ಧ ಹೂವಿಗೆ, ಅರ್ಧ ಗುಮಾಸ್ತನಿಗೆ. ಆರು ವರ್ಷದಿಂದ ಅವನು ಟೋಪಿ ಒರೆಸಿಕೊಂಡು "ಹೋಗಲಿ ಬಿಡಿ" ಎನ್ನುತ್ತಿದ್ದ. ಇವತ್ತು ಅವನ ಬಲಗೈ ತಾನಾಗಿ ಮೇಲೆದ್ದಿತು. ಬೆರಳು ಮಹಡಿಯತ್ತ ಚಾಚಿತು.

"ಏನಮ್ಮಾ! ನಾನೇನು ಗಿಡಾನಾ? ಆರು ವರ್ಷದಿಂದ ನೀರು ಹಾಕ್ತಾ ಇದೀರಲ್ಲ, ನನ್ನ ತಲೇಲಿ ಒಂದಾದ್ರೂ ಹೂವು ಬಿಟ್ಟಿದ್ದು ನೋಡಿದೀರಾ? ಕಣ್ಣು ಎಲ್ಲಿಟ್ಕೊಂಡಿದೀರಿ?"

ಗುಮಾಸ್ತನಿಗೆ ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ನಾನಲ್ಲಮ್ಮಾ, ನಾನಲ್ಲ! ಕೋಟು!" ಎಂದು ಕೈಮುಗಿದ.

"ಜಡ್ಜ್ ಸಾಹೇಬರ ಕೋಟು!" ಎಂದು ತಾತ ಹಳೆಯ ಅಭ್ಯಾಸದಂತೆ ಮೂರು ಸಲ ಕೂಗಿದರು.

ಮಹಡಿ ಮನೆಯಾಕೆ ಎಂದೂ ಮಾಡದ ಕೆಲಸ ಮಾಡಿದಳು. ತಲೆ ತಗ್ಗಿಸಿ, "ತಪ್ಪಾಯ್ತು ಸ್ವಾಮೀ, ಇನ್ನು ಒಳಗಡೆಗೇ ಸುರೀತೀನಿ," ಎಂದಳು. ಹೇಳಿದ್ದು ಯಾರಿಗೆ? ಕೋಟಿಗೆ. ಗುಮಾಸ್ತನಿಗೆ ಹೇಳಲು ಅವಳಿಗೆ ಆರು ವರ್ಷ ಪುರಸತ್ತಾಗಿರಲಿಲ್ಲ.

ಟ್ರಾಮಿನಲ್ಲೂ ಅದೇ ಕತೆ. ಸಗಟು ವ್ಯಾಪಾರಿಯೊಬ್ಬ ದಿನವೂ ತಾನೊಂದು ಸೀಟಿನಲ್ಲಿ ಕೂತು, ತನ್ನ ಟೋಪಿಯ ಪೆಟ್ಟಿಗೆಗೆ ಪಕ್ಕದ ಸೀಟು ಕೊಟ್ಟು ಬರುತ್ತಿದ್ದ. ಗುಮಾಸ್ತ ದಿನವೂ ಕಂಬ ಹಿಡಿದು ಜೋತಾಡುತ್ತಿದ್ದ. ಇವತ್ತು ತುಟಿ ಕಚ್ಚಿ ಹಿಡಿದುಕೊಂಡ, ಕಣ್ಣು ಮುಚ್ಚಿಕೊಂಡ, ಒಂದರಿಂದ ನೂರರವರೆಗೆ ಎಣಿಸತೊಡಗಿದ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಟ್ರಾಮು ಜಗ್ಗಿ, ಪೆಟ್ಟಿಗೆಯ ಮೂಲೆ ಅವನ ಮೊಣಕಾಲಿಗೆ ಬಡಿಯಿತು.

"ರೀ ಸ್ವಾಮಿ, ನಿಮ್ಮ ಟೋಪಿಗೆ ಕಾಲಿದೆಯೇನ್ರೀ, ನಿಂತ್ರೆ ನೋಯೋಕೆ? ಎತ್ರೀ ಅದನ್ನ! ಇಲ್ದಿದ್ರೆ ಟೋಪಿನೂ ಇಳಿಸ್ತೀನಿ, ತಲೆನೂ ಇಳಿಸ್ತೀನಿ!"

ಆಡಿ ಮುಗಿಸಿದವನೇ ಬೆವತು, "ಕ್ಷಮಿಸಿ, ಕೋಟು ಮಾತಾಡ್ತು, ಜಡ್ಜ್ ಸಾಹೇಬರದು," ಎಂದ. ವ್ಯಾಪಾರಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಅಂಟಿ ಕೂತ. ಕಂಡಕ್ಟರ್ ಬಂದು ಸೀಟನ್ನು ಒರೆಸಿಕೊಟ್ಟ. ಹದಿನೇಳು ವರ್ಷದಲ್ಲಿ ಮೊದಲ ಸಲ ಗುಮಾಸ್ತ ಕೂತು ಪ್ರಯಾಣ ಮಾಡಿದ. ಹೆದರಿಕೆಯ ನಡುವೆಯೂ ಎದೆಯಲ್ಲೆಲ್ಲೋ ಒಂದು ಕಲ್ಲು ಇಳಿದಷ್ಟು ಹಗುರವಾಗಿತ್ತು.

ಆಫೀಸಿನಲ್ಲಿ ಮೇಜಿನ ಪಕ್ಕದ ಹಿತ್ತಾಳೆ ಕೊಳವೆಯಿಂದ ಸೂಪರಿಂಟೆಂಡೆಂಟ್ ಸಾಹೇಬರ ದನಿ ಬಂತು. ಮೇಲಿನ ಕೋಣೆಯಿಂದ ಆ ಕೊಳವೆಗೆ ಬಾಯಿಟ್ಟು ಅರಚುವುದು ಅವರ ದಿನಚರಿ.

"ಎರಡನೇ ಗುಮಾಸ್ತಾ! ಹೆಡ್ ಗುಮಾಸ್ತರ ಕುರ್ಚಿ ಧೂಳು ಒರೆಸಿಡು. ನನ್ನ ಅಳಿಯ ಎಲ್ಲಿ? ಇನ್ನೂ ಬಂದಿಲ್ವಾ?"

ಸಾಹೇಬರ ಅಳಿಯನೆಂದರೆ ಎಂಟು ತಿಂಗಳ ಹಿಂದೆ ಸೇರಿದ ಮೂರನೇ ಗುಮಾಸ್ತ. ಹೆಂಡತಿಯ ಹೆಸರು ಬಿಟ್ಟು ಬೇರೆ ಯಾವ ಹೆಸರನ್ನೂ ತಪ್ಪಿಲ್ಲದೆ ಬರೆಯಲು ಬಾರದವನು.

ಗುಮಾಸ್ತ ಕೊಳವೆಗೆ ಬಾಯಿಟ್ಟ. "ಕುರ್ಚಿ ಒರೆಸೋಕೆ ನಾನೇನು ಪೊರಕೆನಾ? ನಿಮ್ಮ ಅಳಿಯನ್ನ ಕಾಯೋಕೆ ನಾನೇನು ಅವನ ದಾದಿನಾ? ಕೆಳಗಿಳಿದು ಬಂದು ಮನುಷ್ಯರ ಥರ ಮಾತಾಡಿ!"

ಸಾಹೇಬರು ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಬಂದರು. ಮುಖ ಕೆಂಡವಾಗಿತ್ತು. "ಕೋಟು ಸಾರ್! ಸಿಡುಕು ಜಡ್ಜ್ ಸಾಹೇಬರ ಕೋಟು!" ಎಂದು ಗುಮಾಸ್ತ ಗೋಗರೆದ. ಸಾಹೇಬರ ಮುಖದ ಕೆಂಪು ಹಾಗೇ ಇಳಿಯಿತು. ಹಿಂದೊಮ್ಮೆ ಆ ಜಡ್ಜ್ ಸಾಹೇಬರ ಎದುರು ಸಾಕ್ಷಿ ಹೇಳಲು ಹೋಗಿ, ಸಂಜೆಯವರೆಗೆ ಒಂಟಿಕಾಲಿನಲ್ಲಿ ನಿಂತು ಬಂದಿದ್ದರಂತೆ. ಅಂಗಿಯ ಗುಂಡಿ ಹಾಕಿಕೊಂಡು, ಕೋಟಿಗೊಂದು ನಮಸ್ಕಾರ ಮಾಡಿ, ಬಂದ ದಾರಿಗೇ ಹೋದರು.

ನಾಲ್ಕು ಹೊಡೆಯಿತು. ಹಜಾರ ತುಂಬಿತ್ತು. ನೆರೆಮನೆಯವರ ಏಳಿಗೆ ನೋಡಲು ಎಲ್ಲಬಲ್ಲ ತಾತನೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಎತ್ತರದ ಕುರ್ಚಿಯಲ್ಲಿ ನಗರಾಧ್ಯಕ್ಷೆ. ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಪಕ್ಕದ ಮೇಜಿನ ಮೇಲೆ ವೆಲ್ವೆಟ್ ತುಂಡಿನಲ್ಲಿ ಹಿತ್ತಾಳೆಯ ಬೀಗದ ಕೈ, ಅದರಾಚೆ ಚಹಾದ ತಟ್ಟೆ, ಕಪ್ಪುಗಳು.

ಸೂಪರಿಂಟೆಂಡೆಂಟ್ ಸಾಹೇಬರು ಕೆಂಪು ರಟ್ಟಿನ ದಪ್ಪ ಪುಸ್ತಕವೊಂದನ್ನು ಎತ್ತಿ ಹಿಡಿದರು. "ಇದು ಕಿಡಿಗಳ ಯಾದಿ. ಏಳು ವರ್ಷ ನಿದ್ದೆಗೆಟ್ಟು ನಾನು ಸ್ವತಃ ಸಿದ್ಧಪಡಿಸಿದ್ದು. ಈ ಕೆಲಸದಲ್ಲಿ ನನಗೆ ಬೆನ್ನೆಲುಬಾಗಿ ನಿಂತ ನನ್ನ ಅಳಿಯನಿಗೇ ಈ ಬೀಗದ ಕೈಯನ್ನು... ಅವರು ದಾರಿಯಲ್ಲಿದ್ದಾರೆ, ಇನ್ನೇನು ಬರುತ್ತಾರೆ..."

ಏಳು ವರ್ಷ! ಗುಮಾಸ್ತನ ಬೂಟಿನ ಅಟ್ಟೆ ಐದು ಸಲ ಸವೆದಿತ್ತು. ಮಗಳು ಹುಟ್ಟಿದ ದಿನವೂ ಅವನು ಒಂದು ಹಟಮಾರಿ ಕಿಡಿಯ ಹೆಸರು ಕೇಳುತ್ತ ಕಂಬದ ಕೆಳಗೆ ನಿಂತಿದ್ದ. ಎಂಟು ತಿಂಗಳ ಹಿಂದೆ ಬಂದವನು ಏಳು ವರ್ಷದ ಕೆಲಸಕ್ಕೆ ಬೆನ್ನೆಲುಬೇ?

"ಸುಳ್ಳು!" ಎಂದ. ಹಜಾರದ ಗಾಜುಗಳು ನಿಜಕ್ಕೂ ಅದುರಿದವು. "ಹಸಿ ಸುಳ್ಳು! ಇವರು ಒಂದು ಬೀದಿನಾದ್ರೂ ಸುತ್ತಿದಾರಾ? ಒಂದು ಕಿಡಿನಾದ್ರೂ ಮಾತಾಡ್ಸಿದಾರಾ? ಕದ್ದ ಪುಸ್ತಕಕ್ಕೆ ಕೆಂಪು ರಟ್ಟು ಹಾಕಿಸಿದ್ದು, ಅಷ್ಟೇ ಇವರ ಕೆಲಸ! ನಾಚಿಕೆ ಆಗಲ್ವೇನ್ರೀ?"

ಆಮೇಲೆ ಎಂದಿನಂತೆ ಕುಸಿದು, "ನಾನಲ್ಲ ತಾಯೀ, ಕೋಟು," ಎಂದ. ತಾತ ಎದ್ದು ನಿಂತು ಕೋಟಿನ ಕುಲಗೋತ್ರ ಕೂಗಿದರು.

ನಗರಾಧ್ಯಕ್ಷೆ ಕೋಲು ಕುಟ್ಟಿದರು. ಮುಖದಲ್ಲಿ ನಗೆ ಮಿಂಚಿತು. "ಭಲೆ! ಸಿಡುಕನ ಕೋಟೇ? ಹಾಗಾದ್ರೆ ನ್ಯಾಯ ಆಗೇ ಹೋಯ್ತು. ಮನುಷ್ಯ ಸುಳ್ಳು ಹೇಳ್ತಾನೆ, ಕೋಟು ಹೇಳಲ್ಲ. ಸೂಪರಿಂಟೆಂಡೆಂಟರೇ, ಹೊರಗಡೆ ಮೂಲೆ ದೀಪದ ಕಿಡಿ ಹೆಸರೇನು?"

"ಅದು... ಯಾದಿಯಲ್ಲಿದೆ ಅಮ್ಮನವರೇ."

"ಕೋಟೇ, ನೀನು ಹೇಳು."

"ಅವಳು ಮುನಿಸಮ್ಮ, ತಾಯೀ. ಹೆಸರು ಹಿಡಿದು ಕರೆದ್ರೆ ಏಳಲ್ಲ. ನಿನಗಿಂತ ಪಕ್ಕದ ಕಂಬದವಳೇ ಚೆಂದ ಅಂದ್ರೆ ಸಾಕು, ಧಗ್ ಅಂತ ಉರೀತಾಳೆ."

ಸಭೆ ಚಪ್ಪಾಳೆ ತಟ್ಟಿತು. "ಹಾಗಾದ್ರೆ ಯಾದಿ ಮಾಡಿದ್ದು ಯಾರು?" ಎಂದು ಮುದುಕಿ ಕೇಳಿದರು.

"ನನ್ನನ್ನ ತೊಟ್ಟಿರೋ ಈ ಬಡಪಾಯಿ," ಎಂದ ಗುಮಾಸ್ತ, ಕೋಟಿನ ಪರವಾಗಿ.

"ಬೀಗದ ಕೈ ಯಾರಿಗೆ ಸಲ್ಲಬೇಕು?"

"ಇವನಿಗೇ ತಾಯೀ. ಇವನಿಗಲ್ಲದೆ ಇನ್ಯಾರಿಗೆ?" ಈ ಸಲ ಅವನ ಕಣ್ಣಲ್ಲಿ ನೀರೇ ಬಂದಿತು.

ನಗರಾಧ್ಯಕ್ಷೆ ಬೀಗದ ಕೈಯನ್ನು ಎತ್ತಿಕೊಂಡರು. ಸೂಪರಿಂಟೆಂಡೆಂಟ್ ಸಾಹೇಬರು ಗೋಡೆಗೊರಗಿ ನಿಂತರು. ಗುಮಾಸ್ತ ಕೈ ಚಾಚಿದ. ಹಿತ್ತಾಳೆಯ ತಣ್ಣನೆ ಸ್ಪರ್ಶ ಬೆರಳ ತುದಿಗೆ ತಾಕಿದ್ದೂ ಆಯಿತು.

"ಅಣ್ಣಾ! ಬಿಚ್ಚಿ ಅಣ್ಣಾ, ಬಿಚ್ಚಿ!"

ಬಾಗಿಲಿನಿಂದ ಇಸ್ತ್ರಿಯವಳು ಓಡಿ ಬಂದಳು. ಒಂದು ಕೈಯಲ್ಲಿ ಬುಟ್ಟಿ, ಕಂಕುಳಲ್ಲಿ ಕಾಗದದ ಗಂಟು. ಅವಳ ಹಿಂದೆ ಶಾಲು ಹೊದ್ದುಕೊಂಡು ಸಾಹೇಬರ ಅಳಿಯ.

"ತಪ್ಪು ಕೋಟು ಕೊಟ್ಟುಬಿಟ್ಟೆ ಅಣ್ಣಾ! ಇವ್ರು ತಮ್ಮ ಕೋಟು ಕೇಳ್ಕೊಂಡು ಬಂದಾಗ್ಲೇ ಗೊತ್ತಾಗಿದ್ದು. ನಿಮ್ಮದು ಇಲ್ಲಿದೆ, ಯಾವ್ದೋ ದೊಡ್ಡ ಹೋಟೆಲಿನ ಸಪ್ಲೈಯರ್‌ದು. ಒಳಜೇಬಲ್ಲಿ ಹೋಟೆಲ್ ಹೆಸರಿನ ಪಟ್ಟಿ ಇದೆ ನೋಡಿ."

"ಹಾಗಾದ್ರೆ ಇವನ ಮೈಮೇಲಿರೋದು?" ಎಂದು ನಗರಾಧ್ಯಕ್ಷೆ ಕೇಳಿದರು.

"ಈ ಅಳಿಯಂದಿರದ್ದು ಅಮ್ಮಾ. ಹೊಚ್ಚ ಹೊಸದು. ಹೆಡ್ ಗುಮಾಸ್ತರಾಗೋ ದಿನಕ್ಕೆ ಅಂತ ತಿಂಗಳ ಹಿಂದೆನೇ ಹೊಲಿಸಿದ್ದಂತೆ. ಇಸ್ತ್ರಿಗೆ ಕೊಟ್ಟಿದ್ರು. ಇದುವರೆಗೂ ಯಾರ ಮೈಮೇಲೂ ಹತ್ತಿಲ್ಲ. ನೋಡಿ, ಬಾಲಕ್ಕೆ ದರ್ಜಿ ಹಾಕಿರೋ ಕಚ್ಚಾ ಹೊಲಿಗೆ ಕೂಡ ಬಿಚ್ಚಿಲ್ಲ."

ಎಲ್ಲರೂ ಆ ಬಿಳಿ ದಾರವನ್ನು ನೋಡಿದರು. ಎಲ್ಲಬಲ್ಲ ತಾತ ಮಾತ್ರ ಚಾವಣಿ ನೋಡಿದರು.

ಯಾರೂ ತೊಡದ ಕೋಟಿಗೆ ಯಾವ ನೆನಪು? ಬೆಳಿಗ್ಗೆಯಿಂದ ಬೈದವನು, ಬೆರಳು ತೋರಿಸಿದವನು, ಗಾಜು ಅದುರಿಸಿದವನು ಯಾರು? ಆ ಹಜಾರದಲ್ಲಿ ಎಲ್ಲರಿಗಿಂತ ಹೆಚ್ಚು ಬೆರಗಾದವನು ಗುಮಾಸ್ತನೇ. ಕ್ಷಣಕಾಲ ಅವನಿಗೆ ಹೆಮ್ಮೆಯೆನಿಸಿತು, ಸುಳ್ಳೇಕೆ. ಧೈರ್ಯ ಮಾಡಿ, ಕೋಟಿನ ನೆಪವಿಲ್ಲದ ದನಿಯಲ್ಲಿ ಹೇಳಿದ: "ಹೌದು ತಾಯೀ, ಹೇಳಿದ್ದು ನಾನೇ. ಆದ್ರೆ ಹೇಳಿದ್ದೆಲ್ಲ ನಿಜ ಅಲ್ವಾ? ಮುನಿಸಮ್ಮನ ಹೆಸರು ಇವರಿಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು ಅಲ್ವಾ?"

"ನಿಜಾನೇ ಇರಬಹುದಪ್ಪ," ಎಂದರು ನಗರಾಧ್ಯಕ್ಷೆ, ಬೀಗದ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತ. "ಕೋಟು ಹೇಳಿದ್ರೆ ಅದು ಸಾಕ್ಷಿ. ನೀನೇ ಹೇಳಿದ್ರೆ ಅದು ಅಹಂಕಾರ. ಮೇಲಧಿಕಾರಿನ ತುಂಬಿದ ಸಭೇಲಿ ಕಳ್ಳ ಅಂತೀಯಲ್ಲ, ಎಷ್ಟು ಸೊಕ್ಕು ನಿನಗೆ?"

ಕೇಳಿದಿರಾ? ಅದೇ ಮಾತು, ಅದೇ ಬಾಯಿ, ಅದೇ ಸತ್ಯ. ಬಟ್ಟೆಯದಾಗಿದ್ದಾಗ ಚಪ್ಪಾಳೆ, ಮನುಷ್ಯನದಾದ ಕೂಡಲೇ ಸೊಕ್ಕು! ಇಂಥ ನ್ಯಾಯಕ್ಕೆ ಏನನ್ನೋಣ?

ಅಳಿಯ ಬಂದು ಕೋಟನ್ನು ಹಿಂದಿನಿಂದಲೇ ಎಳೆದುಕೊಂಡ. ಬೆನ್ನಿಲ್ಲದ ಅಂಗಿ, ಎರಡು ಲಾಡಿ, ನಡುವೆ ಗುಮಾಸ್ತನ ಬಡ ಬೆನ್ನು ಊರಿಗೆಲ್ಲ ಕಂಡಿತು. ಹಜಾರ ನಕ್ಕಿತು. ಇಸ್ತ್ರಿಯವಳು ಮರುಕಪಟ್ಟು ಗಂಟು ಬಿಚ್ಚಿ ಹೋಟೆಲಿನವನ ಕೋಟನ್ನು ಅವನಿಗೆ ತೊಡಿಸಿದಳು. ಅಳತೆ ಮಾಡಿಸಿ ಹೊಲಿಸಿದಂತೆ ಕೂತಿತು.

ಸೂಪರಿಂಟೆಂಡೆಂಟ್ ಸಾಹೇಬರು ಹತ್ತಿರ ಬಂದು, ಮುಖಕ್ಕೆ ಮುಖ ಕೊಟ್ಟು ನಿಂತರು. ಗುಮಾಸ್ತ ಬಾಯಿ ತೆರೆದ. ಇನ್ನೂ ನೂರು ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಅವನ ನಡು ಬಾಗಿತು. ಕೈ ತಾನಾಗಿ ಮೇಜಿನತ್ತ ಹೋಗಿ ಚಹಾದ ತಟ್ಟೆ ಎತ್ತಿತು.

"ಸಕ್ಕರೆ ಎಷ್ಟು ಹಾಕ್ಲಿ ಸಾರ್?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಪ್ಲೈಯರ್ ಕೋಟು! ಸಾಹೇಬರ ಕೋಪವೂ ನಗೆಯಲ್ಲಿ ಕರಗಿತು. ಗುಮಾಸ್ತ ಸಾಲು ಸಾಲಿಗೂ ಚಹಾ ಕೊಟ್ಟ, ಕಪ್ಪು ಎತ್ತಿದ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅಳಿಯನ ತೋಳಿನ ಧೂಳು ಕೊಡವಿದ. ಒಳಗೆ ಅವನು ಕುದಿಯುತ್ತಿದ್ದ.

"ಹೋಗ್ಲಿ, ಕ್ಷಮಿಸಿದೀನಿ," ಎಂದರು ಸಾಹೇಬರು ಎರಡನೆಯ ಕಪ್ಪು ತೆಗೆದುಕೊಳ್ಳುತ್ತ. "ಈ ಕೋಟು ನಿನಗೆ ಬಹಳ ಒಪ್ಪುತ್ತೆ. ನಾಳೆಯಿಂದ ಇದನ್ನೇ ಹಾಕ್ಕೊಂಡು ಬಾ."

ಮನೆಯ ದಾರಿಯಲ್ಲಿ ಇಸ್ತ್ರಿಯವಳು ಜೊತೆಯಾದಳು. ಬೀದಿದೀಪ ಹಚ್ಚುವವನೊಬ್ಬ ಕೆಂಪು ರಟ್ಟಿನ ಯಾದಿ ನೋಡಿಕೊಂಡು, ಮೂಲೆಯ ಕಂಬಕ್ಕೆ "ನಿನಗಿಂತ ಪಕ್ಕದವಳೇ ಚೆಂದ" ಎಂದ. ಮುನಿಸಮ್ಮ ಧಗ್ಗೆಂದು ಉರಿದಳು. ಅವಳಿಗಾದರೂ ಸಿಟ್ಟು ಮಾಡಿಕೊಳ್ಳುವ ಹಕ್ಕಿತ್ತು.

"ಬೆಳಿಗ್ಗೆಯಿಂದ ಆಡಿದ ಮಾತೆಲ್ಲ ನಂದೇ ಅಂತ ಆಯ್ತು," ಎಂದ ಗುಮಾಸ್ತ, ಇದ್ದ ಒಂದು ಸಮಾಧಾನವನ್ನು ಬಿಗಿಯಾಗಿ ಹಿಡಿದುಕೊಂಡು. "ಆದ್ರೆ ಆ ಚಹಾ ಕೊಟ್ಟಿದ್ದು, ಬಗ್ಗಿದ್ದು, ಧೂಳು ಕೊಡವಿದ್ದು, ಅದು ಮಾತ್ರ ನಾನಲ್ಲಕ್ಕಾ. ಆ ಸಪ್ಲೈಯರ್ ಬುದ್ಧಿ ಈ ಕೋಟಲ್ಲಿ ಇನ್ನೂ ಉಳಿದಿದೆ."

ಇಸ್ತ್ರಿಯವಳು ನಡುಬೀದಿಯಲ್ಲೇ ನಿಂತುಬಿಟ್ಟಳು. ಮೂಗು ಕೆಂಪಾಯಿತು.

"ಏನಂದ್ರಿ? ಉಳಿದಿದೆ ಅಂದ್ರಾ? ಬೆಳಿಗ್ಗೆಯಿಂದ ಆವಿಮನೇಲೇ ಬಿದ್ದಿತ್ತಲ್ಲ ಅಂತ ಒಂದಲ್ಲ, ಎರಡಲ್ಲ, ಮೂರು ಆವಿ ಹಿಡಿದಿದೀನಿ ಅದಕ್ಕೆ! ತೊಳೆದ ಹಲಗೆ ಥರ ಆಗಿದೆ ಅದು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಒಬ್ಬರೂ ನನ್ನ ಆವೀಲಿ ತಪ್ಪು ಹುಡುಕಿಲ್ಲ. ನಿಮ್ಮ ಬುದ್ಧಿನ ತಂದು ನನ್ನ ಕೆಲಸದ ಮೇಲೆ ಹೊರಿಸ್ತೀರಲ್ಲ, ನಿಮಗೆ ನ್ಯಾಯಾನಾ ಇದು?"

"ತಪ್ಪಾಯ್ತಕ್ಕಾ," ಎಂದ ಗುಮಾಸ್ತ. ಹೇಳುತ್ತಿದ್ದ ಹಾಗೆಯೇ ಅವನ ನಡು ಬಾಗಿತ್ತು, ಅವಳ ಕೈಯಲ್ಲಿದ್ದ ಬುಟ್ಟಿ ಇವನ ಕೈಗೆ ಬಂದಿತ್ತು.